35 ಮೀಟರ್ ಗೆರೆ: ಅಡುಗೆಮನೆ ಗೋಡೆಗೆ ಎರಡು ಸಲ ಗ್ರೌಟ್ ಹಾಕಿದ ಮೇಲೆ

ಅಡುಗೆಮನೆ ಗೋಡೆಯ ಟೈಲ್ಸ್ ನಡುವಿನ ಸಂದುಗಳಿಗೆ ಗ್ರೌಟ್, ಅಂದರೆ ಸಂದು ಮುಚ್ಚುವ ಗಾರೆ, ತುಂಬುವುದಕ್ಕೆ ಮೂರು ಗಂಟೆ ಸಾಕಾಗಿತ್ತು. ಅದನ್ನೇ ಕೆರೆದು ತೆಗೆಯುವುದಕ್ಕೆ ಎರಡು ಪೂರ್ತಿ ದಿನ ಹಿಡಿಯಿತು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ, ತಲೆ ತುಂಬ ಬೂದು ಪುಡಿ. ಎರಡು ಟೈಲ್ಸಿನ ಅಂಚು ಚಕ್ಕೆ ಎದ್ದಿತು. ಇಷ್ಟಕ್ಕೂ ಆ ಗ್ರೌಟ್ ಉದುರುತ್ತಿರಲಿಲ್ಲ. ಬಣ್ಣ ಸರಿ ಇರಲಿಲ್ಲ, ಅಷ್ಟೇ.

ನಾನು ಬಟ್ಟೆ ಹೊಲಿಯುವವಳು. 22 ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದೇನೆ. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಮೊದಲ ವಾರವೇ ಒಂದು ಮಾತು ಹೇಳುತ್ತೇನೆ. ದಾರದ ಬಣ್ಣವನ್ನು ರೀಲು ನೋಡಿ ಆರಿಸಬೇಡಿ, ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಹಾಕಿ ನೋಡಿ. ರೀಲಿಗೆ ಸುತ್ತಿಕೊಂಡಾಗ ದಾರ ಗಾಢವಾಗಿ ಕಾಣುತ್ತದೆ. ಒಂಟಿ ಎಳೆಯಾಗಿ ಬಟ್ಟೆಗೆ ಬಿದ್ದಾಗ ತಿಳಿಯಾಗುತ್ತದೆ. ಸರಿಯಾದ ಬಣ್ಣ ಸಿಗದಿದ್ದರೆ ಒಂದು ಮೆಟ್ಟಿಲು ಗಾಢವಾದದ್ದನ್ನೇ ತೆಗೆದುಕೊಳ್ಳಿ. ತಿಳಿ ದಾರ ಹೊಲಿಗೆಯನ್ನು ಎತ್ತಿ ತೋರಿಸಿಬಿಡುತ್ತದೆ. ಇಷ್ಟೆಲ್ಲ ಹೇಳಿಕೊಡುವ ನಾನು ಗ್ರೌಟ್ ಆರಿಸಿದ್ದು ಹೇಗೆ ಗೊತ್ತಾ? ಅಂಗೈ ಅಗಲದ ಶೇಡ್ ಕಾರ್ಡ್ ನೋಡಿ, ಎರಡು ನಿಮಿಷದಲ್ಲಿ.

ಅಳತೆ ಹೇಳದೆ ಬಣ್ಣದ ಮಾತಾಡಿ ಪ್ರಯೋಜನವಿಲ್ಲ. ನಮ್ಮ ಗೋಡೆಯ ಟೈಲ್ಸ್ ಭಾಗ 3 ಮೀಟರ್ ಉದ್ದ, 60 ಸೆಂಟಿಮೀಟರ್ ಎತ್ತರ. ಒಂದು ಕಡೆ ಒಲೆ, ಇನ್ನೊಂದು ಕಡೆ ಸಿಂಕ್. ಟೈಲ್ಸ್ 75 × 150 ಮಿಲಿಮೀಟರ್, ಹೊಳಪಿನ ಬಿಳಿ. ಇಟ್ಟಿಗೆ ಕಟ್ಟಿದ ಹಾಗೆ ಸಾಲು ಬಿಟ್ಟು ಸಾಲು ಅರ್ಧ ಸರಿಸಿ ಹಾಕಿದ್ದು. ಇವಕ್ಕೆ ಸಬ್‌ವೇ ಟೈಲ್ಸ್ ಅಂತ ಹೆಸರು. 1904ರಲ್ಲಿ ಶುರುವಾದ ನ್ಯೂಯಾರ್ಕಿನ ನೆಲದಡಿ ರೈಲಿನ ನಿಲ್ದಾಣಗಳಿಂದ ಬಂದ ಹೆಸರು ಅದು. ಸಂದಿನ ಅಗಲ 2 ಮಿಲಿಮೀಟರ್.

ನಮ್ಮ ಕಸುಬಿನಲ್ಲಿ ಎಲ್ಲವನ್ನೂ ಮೀಟರಿನಲ್ಲಿ ಅಳೆಯುವ ಚಟ. ಲೆಕ್ಕ ಹಾಕಿದೆ. ಸುಮಾರು 150 ಟೈಲ್ಸ್, ಅವುಗಳ ನಡುವೆ 35 ಮೀಟರ್ ಗೆರೆ. ಗೋಡೆಯನ್ನು 100 ಪಾಲು ಮಾಡಿದರೆ ಗ್ರೌಟ್ ಬರುವುದು ಬರೀ 4 ಪಾಲು. ಅದೇ 25 ಮಿಲಿಮೀಟರಿನ ಚೌಕ ಮೊಸಾಯಿಕ್ ಆಗಿದ್ದರೆ ಅಷ್ಟೇ ಅಗಲದ ಸಂದಿಗೆ 14 ಪಾಲು. 300 × 600ರ ದೊಡ್ಡ ಟೈಲ್ಸ್ ಆದರೆ 1 ಪಾಲು, ಅಲ್ಲಿ ಇಷ್ಟು ಯೋಚಿಸಬೇಕಾಗಿಲ್ಲ.

ನಮ್ಮನೆಯವರು ಲೆಕ್ಕ ಕೇಳಿ, "ನಾಲ್ಕು ಪಾಲಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ?" ಅಂದರು. ನಿಮ್ಮ ಬಿಳಿ ಅಂಗಿಯನ್ನು ಕೆಂಪು ದಾರದಲ್ಲಿ ಹೊಲಿದುಕೊಟ್ಟರೆ ದಾರ ಎಷ್ಟು ಪಾಲು ಅಂತ ಕೇಳಿದೆ. ಸುಮ್ಮನಾದರು.

ಮೊದಲ ಸಲ ತಂದದ್ದು ಸಿಮೆಂಟ್ ಗ್ರೌಟ್, ಮರಳಿಲ್ಲದ್ದು. ಮರಳು ಬೆರೆತದ್ದು ಅಗಲ ಸಂದಿಗೆ. 3 ಮಿಲಿಮೀಟರಿಗಿಂತ ಸಣ್ಣ ಸಂದಿಗೆ ನುಣುಪಾದದ್ದೇ ಬೇಕು, ಇಲ್ಲದಿದ್ದರೆ ಒಳಗೆ ಇಳಿಯುವುದಿಲ್ಲ. ಹೊಳಪಿನ ಟೈಲ್ಸ್ ಮೇಲೆ ಮರಳು ಗೀರುವ ಭಯವೂ ಇದೆ. ಶೇಡ್ ಹೆಸರು ತಿಳಿ ಬೂದು. ಪುಡಿಯ ಬಗ್ಗೆ ನನ್ನ ತಕರಾರಿಲ್ಲ. ಗಂಟು ಕಟ್ಟದೆ ಬೆರೆಯಿತು, ಸಂದಿಗೆ ಚೆನ್ನಾಗಿ ಕೂತಿತು. ನಮ್ಮ ಗೋಡೆಗೆ ಒಂದು ಕಿಲೋ ಆಸುಪಾಸು ಸಾಕಾಯಿತು. ಟೈಲ್ಸ್ ಕೂರಿಸಿದ್ದು ಮೇಸ್ತ್ರಿ. ಗ್ರೌಟ್ ನಾವೇ ಹಾಕುತ್ತೇವೆ ಅಂತ ಜಂಬದಿಂದ ಅವರನ್ನು ಕಳಿಸಿದ್ದೆವು.

ಹಾಕಿದ ದಿನ ಸಂಜೆ ಗೆರೆಗಳು ಗಾಢ ಬೂದು. ನನಗೆ ಗಾಬರಿ. ಮರುದಿನ ಬೆಳಿಗ್ಗೆಗೆ ತಿಳಿಯಾಗುತ್ತ ಬಂತು. ಹಸಿ ಬಟ್ಟೆ ಒಣಗಿದ ಹಾಗೆ ಸಿಮೆಂಟ್ ಗ್ರೌಟ್ ಒಣಗಿದಂತೆಲ್ಲ ಬಣ್ಣ ಇಳಿಸುತ್ತದೆ, ಅದು ಸಹಜ. ಮೂರನೇ ದಿನ ಪೂರ್ತಿ ಒಣಗಿದ ಮೇಲೆ ನೋಡಿದರೆ ಎರಡು ತೊಂದರೆ ಕಂಡವು. ಒಂದು, ಬೂದು ಅಂದುಕೊಂಡದ್ದು ನೀಲಿಯಾಗಿ ಕಾಣುತ್ತಿತ್ತು. ಇನ್ನೊಂದು, ಸಿಂಕಿನ ಕಡೆ ಒಂದು ಬಣ್ಣ, ಒಲೆಯ ಕಡೆ ಒಂದು ಬಣ್ಣ, ನಡುವೆ ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳಿ ಮಬ್ಬು.

ಎರಡನೆಯದಕ್ಕೆ ಅರ್ಧ ತಪ್ಪು ನಮ್ಮದೇ. ಅರ್ಧಕ್ಕಿಂತ ಜಾಸ್ತಿಯೇ ಇರಬಹುದು. ಮೊದಲ ಬಟ್ಟಲನ್ನು ಅಳತೆ ನೋಡಿಯೇ ಕಲಸಿದೆವು. ಅರ್ಧ ಗೋಡೆ ಮುಗಿಯುವಾಗ ನಮ್ಮನೆಯವರು "ಗಟ್ಟಿ ಆಗ್ತಿದೆ ಕಣೇ" ಅಂತ ಅದಕ್ಕೇ ಒಂದು ಲೋಟದಷ್ಟು ನೀರು ಸುರಿದರು. ಆಮೇಲೆ ನಾನು ಸ್ಪಂಜನ್ನು ನೀರು ತೊಟ್ಟಿಕ್ಕುವ ಹಾಗೆ ಅದ್ದಿ ಒರೆಸಿದೆ, ಪಾತ್ರೆ ತೊಳೆದ ಹಾಗೆ. ಸಿಮೆಂಟ್ ಗ್ರೌಟಿಗೆ ನೀರು ಜಾಸ್ತಿಯಾದರೆ ಬಣ್ಣ ಪೇಲವವಾಗುತ್ತದೆ. ಸಿಮೆಂಟಿನೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆ ನೀರಿನ ಜೊತೆ ಮೇಲಕ್ಕೆ ಬರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಳಿಯಾಗಿ ಕೂರುತ್ತದೆ. ನನಗೆ ಕಂಡ ಸುಣ್ಣದ ಮಬ್ಬು ಅದೇ. ಗೋಡೆಗೆ ಕಾಯಿಲೆ ಏನೂ ಬಂದಿರಲಿಲ್ಲ.

ಸರಿಯಾದ ಕ್ರಮ ಆಮೇಲೆ ಕಲಿತೆ. ನೀರನ್ನು ಅಳೆದೇ ಹಾಕಬೇಕು. ಕಲಸಿ ಐದ್ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಆಮೇಲೆ ಹನಿ ನೀರೂ ಸೇರಿಸಬಾರದು. ಗಟ್ಟಿಯಾಯಿತಾ, ಎಸೆದು ಹೊಸದು ಕಲಸಿ. ಸ್ಪಂಜನ್ನು ಹಿಂಡಿ ಹಿಂಡಿ ನೀರೇ ಇಲ್ಲವೇನೋ ಅನ್ನಿಸುವಷ್ಟು ಮಾಡಿಕೊಂಡು, ಗೆರೆಗೆ ಓರೆಯಾಗಿ ಒರೆಸಬೇಕು. ಗೆರೆಯ ಉದ್ದಕ್ಕೇ ಎಳೆದರೆ ತುಂಬಿದ್ದೆಲ್ಲ ಎದ್ದು ಬರುತ್ತದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು. ಅವರ ಶೇಡ್ ಕಾರ್ಡ್ ಹೊಳೆಯುವ ಕಾಗದದ ಮೇಲೆ ಅಚ್ಚಾದದ್ದು. ಒಂದೊಂದು ಬಣ್ಣವೂ ಅಂಚೆಚೀಟಿಯಷ್ಟು ದೊಡ್ಡ ಚೌಕ. ಗ್ರೌಟಿಗೆ ಹೊಳಪಿಲ್ಲ, ಅದು ಚೌಕವಾಗಿಯೂ ಕಾಣುವುದಿಲ್ಲ, 2 ಮಿಲಿಮೀಟರಿನ ಗೆರೆಯಾಗಿ ಕಾಣುತ್ತದೆ. ನೀರಿನ ಪ್ರಮಾಣದಿಂದ ಬಣ್ಣ ಬದಲಾಗುತ್ತದೆ ಅನ್ನುವುದನ್ನು ಚೀಲದ ಹಿಂದೆ ಮಡಿಕೆಯ ಕೆಳಗೆ ಅಚ್ಚು ಹಾಕಿದ್ದರು. ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣಿಗೇ ಅದು ಕಾಣಲಿಲ್ಲ.

ಇನ್ನು ನೀಲಿಯ ವಿಷಯ. ಇದು ನನ್ನನ್ನು ಹೆಚ್ಚು ಕಾಡಿತು. ಉಳಿದ ಗ್ರೌಟನ್ನು ಒಂದು ರಟ್ಟಿನ ಮೇಲೆ ಸವರಿ ಒಣಗಿಸಿದ್ದೆ. ರಟ್ಟಿನ ಮೇಲೆ ಅದು ಅಚ್ಚ ಬೂದು. ಗೋಡೆಯಲ್ಲಿ ನೀಲಿ. ಒಂದೇ ಪುಡಿ, ಒಂದೇ ದಿನ ಕಲಸಿದ್ದು.

ಕೊನೆಗೆ ಟೈಲ್ಸಿನ ಪಕ್ಕ ಒಂದು ಬಿಳಿ ಹಾಳೆ ಹಿಡಿದೆ. ಆಗ ಗೊತ್ತಾಯಿತು, ನಮ್ಮ ಟೈಲ್ಸ್ ಬಿಳಿ ಅಲ್ಲವೇ ಅಲ್ಲ. ಹಳದಿಯ ಕಡೆಗೆ ಒಂದು ಚೂರು ವಾಲಿದ ಬಿಳಿ. ಹಳದಿಯ ಪಕ್ಕ ಕೂತ ಬೂದು ನೀಲಿಯಾಗಿ ಕಾಣುತ್ತದೆ. ಬಟ್ಟೆಯಲ್ಲಿ ಇದನ್ನು ನೂರು ಸಲ ನೋಡಿದ್ದೇನೆ. ಕೆಂಪು ಬಟ್ಟೆಗೆ ಬೂದು ಪಟ್ಟಿ ಕೊಟ್ಟರೆ ಪಟ್ಟಿ ಸ್ವಲ್ಪ ಹಸಿರು ಹೊಡೆಯುತ್ತದೆ.

ಇದರ ಮೂಲ ಹುಡುಕಿ ಹೋದರೆ ನಮ್ಮ ಕಡೆಯ ಜನವೇ ಸಿಕ್ಕರು, ಅಂದರೆ ದಾರದ ಜನ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಅನ್ನುವ ರಸಾಯನಶಾಸ್ತ್ರಜ್ಞ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ದಾರ ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷ ಇರಲಿಲ್ಲ. ಅದರ ಪಕ್ಕ ನೇಯ್ದಿದ್ದ ನೀಲಿ, ನೇರಳೆ ಎಳೆಗಳು ಕಪ್ಪನ್ನು ಮಂಕು ಮಾಡುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಅಂತ ಆತ 1839ರಲ್ಲಿ ವಿವರವಾಗಿ ಬರೆದ. ಬಣ್ಣ ಹಾಕಿದವನನ್ನು ಬೈಯುವ ಮೊದಲು ಪಕ್ಕದ ದಾರ ನೋಡಬೇಕು ಅಂತ ಆಯಿತಲ್ಲ. ನಾನು ಗ್ರೌಟ್ ಕಂಪನಿಯನ್ನು ಬೈದದ್ದರಲ್ಲಿ ಸ್ವಲ್ಪ ವಾಪಸ್ ತೆಗೆದುಕೊಂಡೆ.

ಕೆರೆಯುವ ಮೊದಲು ಸುಲಭದ ದಾರಿಯನ್ನೂ ನೋಡಿದೆ. ಬಲ್ಬ್ ಬದಲಿಸಿದೆ. ಮೊದಲಿದ್ದದ್ದು 6500 ಕೆಲ್ವಿನ್‌ನ ತಣ್ಣನೆ ಬಿಳಿ ಬೆಳಕು. ಅದನ್ನು ತೆಗೆದು 3000 ಕೆಲ್ವಿನ್‌ನ ಹಳದಿ ಬೆಳಕಿನದು ಹಾಕಿದೆ. ರಾತ್ರಿ ಹೊತ್ತು ನೀಲಿ ಅರ್ಧಕ್ಕರ್ಧ ಇಳಿಯಿತು. ನಿಮ್ಮ ಗ್ರೌಟ್ ನೀಲಿ ಹೊಡೆಯುತ್ತಿದ್ದರೆ ಮೊದಲು ಇದನ್ನು ಮಾಡಿ, ಕೆರೆಯುವ ಯಂತ್ರ ಆಮೇಲೆ. ನಮ್ಮಲ್ಲಿ ಹಗಲಿನ ಬೆಳಕಿಗೆ ನೀಲಿ ಹಾಗೇ ಉಳಿಯಿತು. ಮಚ್ಚೆಗೆ ಯಾವ ಬಲ್ಬೂ ಔಷಧವಲ್ಲ.

ಗ್ರೌಟಿನ ಮೇಲೆ ಬಳಿಯುವ ಬಣ್ಣವೂ ಸಿಗುತ್ತದೆ. ಪೆನ್ನಿನ ರೂಪದಲ್ಲೂ ಬರುತ್ತದೆ. ಹಳೆ ಗ್ರೌಟ್ ಗಟ್ಟಿ ಇದ್ದು ಬರೀ ಕಲೆಯಾಗಿದ್ದರೆ ಅದು ಒಳ್ಳೆಯ ಉಪಾಯ. ಚೆನ್ನಾಗಿ ತೊಳೆದು, ಜಿಡ್ಡು ತೆಗೆದು, ಒಣಗಿಸಿ ಬಳಿಯಬೇಕು, ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ. ಒಂದು ಅಡಿ ಬಳಿದು ನೋಡಿದೆ. 35 ಮೀಟರ್ ಹೀಗೆ ಬಳಿಯುವುದು ನೆನೆದೇ ಕೈಬಿಟ್ಟೆ.

ಹಾಗಾಗಿ ಕೆರೆದದ್ದು. ಕೈ ಗರಗಸದಲ್ಲಿ ಶುರು ಮಾಡಿ, ಅದು ಮುಗಿಯುವ ಕೆಲಸವಲ್ಲ ಅಂತ ಗೊತ್ತಾಗಿ, ನಡುಗುವ ಬ್ಲೇಡಿನ ಯಂತ್ರ ಬಾಡಿಗೆಗೆ ತಂದೆವು. ಸಂದು 2 ಮಿಲಿಮೀಟರ್ ಮಾತ್ರ ಇದ್ದಾಗ ಬ್ಲೇಡ್ ಒಂದು ಕೂದಲೆಳೆ ಆಚೀಚೆ ಆದರೂ ಟೈಲ್ಸಿನ ಹೊಳಪು ಹಾರುತ್ತದೆ. ಚಕ್ಕೆ ಎದ್ದದ್ದು ಹಾಗೆ.

ಈ ಸಲ ಮೇಸ್ತ್ರಿಯವರನ್ನು ಮೊದಲೇ ಕರೆದೆ. ಅವರು ಗೋಡೆ ನೋಡಿ ನಗಲಿಲ್ಲ, ಅದು ಅವರ ದೊಡ್ಡತನ. ಉಳಿದಿದ್ದ ಟೈಲ್ಸ್ ಕೇಳಿದರು. ಹದಿನೈದು ಇತ್ತು. ಒಂದು ಪ್ಲೈವುಡ್ ಹಲಗೆಗೆ ಅಂಟಿಸಿ, ಗೋಡೆಯಲ್ಲಿದ್ದಂತೆಯೇ ಟೈಲ್ಸ್ ನಡುವೆ 2 ಮಿಲಿಮೀಟರ್ ಸ್ಪೇಸರ್ (ಅಂತರ ಕಾಯುವ ಸಣ್ಣ ತುಂಡು) ಇಟ್ಟು, ಐದು ಬಗೆಯ ಸಂದು ಮಾಡಿಕೊಂಡೆವು. ಬಿಳಿ, ದಂತದ ಬಣ್ಣ, ಕಂದಿನ ಕಡೆ ವಾಲುವ ಬೂದು, ಅದೇ ಬೂದು ಎಪಾಕ್ಸಿಯಲ್ಲಿ (ಸಿಮೆಂಟಿನ ಬದಲು ರೆಸಿನ್ ಅನ್ನುವ ಅಂಟಿನಿಂದ ಮಾಡಿದ ಗ್ರೌಟ್), ಕೊನೆಗೆ ಇದ್ದಿಲು ಕಪ್ಪು. ಮೂರು ದಿನ ಒಣಗಲು ಬಿಟ್ಟೆವು. ಆಮೇಲೆ ಹಲಗೆಯನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮಲಗಿಸಿ ನೋಡಿದರೆ ಪ್ರಯೋಜನವಿಲ್ಲ, ಬೆಳಕು ಬೀಳುವ ರೀತಿಯೇ ಬೇರೆಯಾಗುತ್ತದೆ. ನಾಲ್ಕು ದಿನ ಅದು ಅಲ್ಲೇ ನಿಂತಿತ್ತು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ. ಒಮ್ಮೆ ಒಲೆಯ ಮುಂದೆ ನಿಂತು, ಒಮ್ಮೆ ಬಾಗಿಲಿಂದ. ರೀಲು ಬಿಚ್ಚಿ ಎಳೆ ಹಾಕಿ ನೋಡುವುದು ಅಂದರೆ ಇದೇ ಅಲ್ವಾ?

ಬಿಳಿ ಸಂದು ಹಲಗೆಯಲ್ಲಿ ತುಂಬ ಚೆಂದ ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಅಚ್ಚ ಬಿಳಿ ಗ್ರೌಟ್ ನಮ್ಮ ಟೈಲ್ಸನ್ನು ಹಳೆಯದಾಗಿ ತೋರಿಸಿತು. ಟೈಲ್ಸಿನ ಹಳದಿ ಎದ್ದು ಕಂಡಿತು, ಒಗೆದೂ ಕೊಳೆ ಹೋಗದ ಬಟ್ಟೆಯ ಹಾಗೆ. ಬಿಳಿ ಟೈಲ್ಸಿಗೆ ಬಿಳಿ ಗ್ರೌಟ್ ಅಂತ ಕಣ್ಣು ಮುಚ್ಚಿ ಹೇಳುವವರು ಎರಡು ಬಿಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿಲ್ಲ.

ದಂತದ ಬಣ್ಣ ಸರಿಯಾಗಿ ಬೆರೆಯಿತು. ಎಷ್ಟು ಬೆರೆಯಿತು ಅಂದರೆ ಗೆರೆಯೇ ಕಾಣಲಿಲ್ಲ. ಟೈಲ್ಸ್ ಹಾಕಿಯೂ ಹಾಕದ ಹಾಗೆ. ಕೆಲವರಿಗೆ ಅದೇ ಬೇಕು, ಸಣ್ಣ ಅಡುಗೆಮನೆಗೆ ಅದು ಒಳ್ಳೆಯದೂ ಹೌದು. ನನಗೆ ಸ್ವಲ್ಪ ಹೊಲಿಗೆ ಕಾಣಬೇಕು.

ಕಪ್ಪಿನ ಬಗ್ಗೆ ನನ್ನ ತಂಗಿಯ ಮನೆ ನೋಡಿಯೇ ಗೊತ್ತಿತ್ತು. ಅವಳದ್ದು ಬಿಳಿ ಟೈಲ್ಸಿಗೆ ಕಡು ಕಪ್ಪು ಗ್ರೌಟ್. ಫೋಟೊದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಹತ್ತಿರ ಹೋದರೆ ಪ್ರತಿ ಗೆರೆಯ ಸೊಟ್ಟವೂ ಕಾಣುತ್ತದೆ. ಸಿಂಕಿನ ಹಿಂದೆ ಗಡಸು ನೀರಿನ ಬಿಳಿ ಕಲೆ ಕಪ್ಪಿನ ಮೇಲೆ ಎದ್ದು ಕೂತಿದೆ. ಬಿಳಿ ಗ್ರೌಟ್ ಜಿಡ್ಡನ್ನು ತೋರಿಸಿದರೆ ಕಪ್ಪು ಗ್ರೌಟ್ ನೀರಿನ ಉಪ್ಪನ್ನು ತೋರಿಸುತ್ತದೆ. ಇನ್ನೊಂದು ವಿಚಿತ್ರ. ಬಾಗಿಲಲ್ಲಿ ನಿಂತು ನೋಡಿದರೆ ಅವಳ ಗೋಡೆ ಬಿಳಿಯಾಗಿ ಕಾಣುವುದಿಲ್ಲ, ಬೂದಾಗಿ ಕಾಣುತ್ತದೆ. ಬಿಳಿ ಬಟ್ಟೆಯಲ್ಲಿ ಸಣ್ಣ ಕಪ್ಪು ಗೆರೆಯಿದ್ದರೆ ದೂರದಿಂದ ಬೂದು ಬಟ್ಟೆಯಾಗುವುದಿಲ್ಲವೇ, ಹಾಗೆ. ಹತ್ತಿರದಲ್ಲಿ ಬಣ್ಣಗಳು ಜಗಳವಾಡುತ್ತವೆ, ದೂರದಲ್ಲಿ ಬೆರೆತುಹೋಗುತ್ತವೆ.

ನಾನು ಕಪ್ಪಿನ ಸಂದನ್ನು ಬೆರಳಲ್ಲಿ ಮುಟ್ಟುತ್ತಿದ್ದಾಗ ಮೇಸ್ತ್ರಿ, "ಬೇಡ ಅಕ್ಕಾ, ಕಪ್ಪು ಹಾಕಿದ್ರೆ ನನ್ನ ಕೈ ನಡುಗಿದ್ದೂ ಕಾಣುತ್ತೆ" ಅಂದರು. ಅವರ ಕೈ ನಡುಗುವುದಿಲ್ಲ. ಆದರೂ ಮಾತು ಸರಿ. ಇನ್ನೂ ಒಂದು ವಿಷಯ ಹೇಳಿಕೊಟ್ಟರು. ಮೇಲ್ಮೈಯಲ್ಲಿ ಕೂದಲಿನಂಥ ಬಿರುಕು ಬಿಟ್ಟ ಕಲಾತ್ಮಕ ಟೈಲ್ಸ್ ಬರುತ್ತವಲ್ಲ, ಅವುಗಳಿಗೆ ಗಾಢ ಗ್ರೌಟ್ ಹಾಕುವ ಮೊದಲು ಸೀಲರ್, ಅಂದರೆ ಕಲೆ ಒಳಗಿಳಿಯದಂತೆ ತಡೆಯುವ ದ್ರವ, ಬಳಿಯಬೇಕು. ಇಲ್ಲವಾದರೆ ಬಣ್ಣ ಬಿರುಕಿನೊಳಗೆ ಇಳಿದು ಟೈಲ್ಸೇ ಕಲೆಯಾಗುತ್ತದೆ. ಹೊಳಪಿಲ್ಲದ ಕಲ್ಲಿನ ಟೈಲ್ಸಿಗೂ ಅದೇ ಮಾತು.

ಉಳಿದದ್ದು ಕಂದು ಬೂದು, ಎರಡು ಬಗೆಯಲ್ಲಿ. ಇಲ್ಲಿ ಒಂದು ಆಶ್ಚರ್ಯ. ಕಂಪನಿ ಒಂದೇ, ಶೇಡಿನ ಹೆಸರೂ ಒಂದೇ. ಆದರೂ ಎಪಾಕ್ಸಿಯ ಗೆರೆ ಸಿಮೆಂಟಿನ ಗೆರೆಗಿಂತ ಒಂದು ಮೆಟ್ಟಿಲು ಗಾಢವಾಗಿತ್ತು, ಮೇಲೆ ಒಂದು ಮಂದ ಹೊಳಪೂ ಇತ್ತು. ಹತ್ತಿಯ ದಾರ, ಪಾಲಿಯೆಸ್ಟರ್ ದಾರ ಒಂದೇ ನಂಬರಿನದಾದರೂ ಬೇರೆ ಕಾಣುವ ಹಾಗೆ. ಒಲೆಯ ಹಿಂದೆ ಮಾತ್ರ ಎಪಾಕ್ಸಿ ಹಾಕಿ ಉಳಿದ ಕಡೆ ಸಿಮೆಂಟ್ ಹಾಕೋಣ ಅನ್ನುವ ಯೋಚನೆ ನನಗಿತ್ತು. ಹಲಗೆ ನೋಡಿ ಬಿಟ್ಟೆ. ಎರಡೂ ಸೇರುವ ಜಾಗ ತೇಪೆಯಾಗುತ್ತಿತ್ತು.

ಕಲೆಯ ಪರೀಕ್ಷೆಗೆ ಹೊಲಿಗೆ ಮೆಷಿನ್ ಎಣ್ಣೆ ತಂದೆ. ಪ್ರತಿ ಗೆರೆಗೂ ಒಂದೊಂದು ಹನಿ. ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಸೋಪಿನ ನೀರಲ್ಲಿ ಒರೆಸಿದೆ. ಸಿಮೆಂಟ್ ಗೆರೆಗಳು ಎಣ್ಣೆ ಕುಡಿದು ಕಪ್ಪಾಗಿದ್ದವು, ಬಿಳಿಯದರಲ್ಲಿ ಕಣ್ಣಿಗೆ ಹೊಡೆಯುವ ಹಾಗೆ. ಸಿಮೆಂಟಿನ ಕಂದು ಬೂದಿನ ಅರ್ಧಕ್ಕೆ ಸೀಲರ್ ಬಳಿದಿದ್ದೆ. ಅಲ್ಲಿ ಹನಿ ಮೇಲೆಯೇ ಗುಂಡಗೆ ನಿಂತಿತ್ತು, ಮಸುಕಾದ ಗುರುತು ಮಾತ್ರ ಉಳಿಯಿತು. ಎಪಾಕ್ಸಿಯ ಮೇಲೆ ಏನೂ ಇರಲಿಲ್ಲ. ಯಾವ ಗೆರೆಗೆ ಹಾಕಿದ್ದೆ ಅಂತ ನೆನಪು ಮಾಡಿಕೊಳ್ಳಬೇಕಾಯಿತು.

ಪ್ಯಾಕಿನ ಹಿಂದೆ ಇದರ ಸುಳಿವು ಇರುತ್ತದೆ, ಓದುವವರಿಗೆ. ಐಎಸ್ಒ 13007 ಅನ್ನುವ ಅಂತರರಾಷ್ಟ್ರೀಯ ಗುಣಮಟ್ಟದಲ್ಲಿ ಸಿಮೆಂಟ್ ಗ್ರೌಟಿಗೆ ಸಿಜಿ, ಎಪಾಕ್ಸಿಯಂಥ ರೆಸಿನ್ ಗ್ರೌಟಿಗೆ ಆರ್‌ಜಿ ಅನ್ನುವ ಗುರುತು. ಸಿಜಿ 2 ಅಂದರೆ ಸುಧಾರಿತ ಸಿಮೆಂಟ್ ಗ್ರೌಟ್. ಅದರ ಮುಂದೆ ಡಬ್ಲ್ಯು ಇದ್ದರೆ ನೀರು ಹೀರುವುದು ಕಡಿಮೆ. ನಾನು ಮೊದಲ ಸಲ ತಂದದ್ದು ಸಿಜಿ 1. ಬಣ್ಣದ ಹೆಸರು ಬಿಟ್ಟು ಇನ್ನೇನೂ ಓದಿರಲಿಲ್ಲ.

ಕೊನೆಗೆ ಇಡೀ ಗೋಡೆಗೆ ಕಂದು ಬೂದು ಎಪಾಕ್ಸಿಯನ್ನೇ ಆರಿಸಿದೆ. ಅದು ದುಬಾರಿ, ಸಿಮೆಂಟಿನ ಕೆಲವು ಪಟ್ಟು. ಕೆಲಸವೂ ಕಷ್ಟ. ರೆಸಿನ್, ಗಟ್ಟಿ ಮಾಡುವ ದ್ರವ, ಬಣ್ಣದ ಪುಡಿ, ಮೂರನ್ನೂ ಅಳೆದು ಬೆರೆಸಬೇಕು. ಅಂದಾಜು ನಡೆಯುವುದಿಲ್ಲ. ಬೆರೆಸಿದ ಮೇಲೆ ಮುಕ್ಕಾಲು ಗಂಟೆ ಸಮಯ, ಸೆಖೆ ಇದ್ದರೆ ಇನ್ನೂ ಕಡಿಮೆ. ಮೇಸ್ತ್ರಿ ಗೋಡೆಯನ್ನು ಎರಡು ಭಾಗ ಮಾಡಿಕೊಂಡರು, ಸ್ವಲ್ಪ ಸ್ವಲ್ಪವೇ ಬೆರೆಸಿದರು. ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಅವತ್ತೇ ಒರೆಸಿಬಿಡಬೇಕು. ಗಟ್ಟಿಯಾದರೆ ಬಿಡಿಸುವುದು ಬಹಳ ಕಷ್ಟ. ಮೇಲಿನ ಸಾಲಿನ ಎರಡು ಟೈಲ್ಸ್ ಕಣ್ತಪ್ಪಿ ಉಳಿದವು. ಅವಕ್ಕೆ ಕಂಪನಿಯ ಕ್ಲೀನರ್ ಹಾಕಿ ಉಜ್ಜಿ ಉಜ್ಜಿ ನನ್ನ ಭುಜ ಬಿದ್ದುಹೋಯಿತು. ಕೈಗವಸು ಹಾಕದೆ ಮುಟ್ಟಬೇಡಿ, ಗಟ್ಟಿಯಾಗದ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಕಿಟಕಿ ತೆರೆದಿರಲಿ. ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟೆವು.

ಕಂದು ಬೂದೇ ಯಾಕೆ ಅಂದರೆ, ಟೈಲ್ಸೂ ಹಳದಿಯ ಕಡೆ, ಗ್ರೌಟೂ ಅದೇ ಕಡೆ. ಎರಡೂ ಒಂದೇ ದಿಕ್ಕಿಗೆ ವಾಲಿದ್ದರಿಂದ ನೀಲಿ ಮಾಯ. ಇನ್ನೊಂದು ಕಾರಣ ಎಪಾಕ್ಸಿಯ ಸ್ವಭಾವ. ಬಿಸಿಲು ಬೀಳುವ ಕಡೆ ಬಿಳಿ ಎಪಾಕ್ಸಿ ಕಾಲ ಕಳೆದಂತೆ ಹಳದಿಗೆ ತಿರುಗಬಹುದು. ನಮ್ಮ ಸಿಂಕಿನ ಮೇಲೆ ಕಿಟಕಿ ಇದೆ. ಕಂದು ಬೂದು ಸ್ವಲ್ಪ ಹಳದಿಯಾದರೆ ಯಾರಿಗೆ ಗೊತ್ತಾಗುತ್ತದೆ?

ಗೋಡೆ ಮತ್ತು ಕಟ್ಟೆ ಸೇರುವ ಮೂಲೆಗೆ ಈ ಸಲ ಗ್ರೌಟ್ ಹಾಕಲಿಲ್ಲ. ಮೊದಲ ಸಲ ಹಾಕಿದ್ದು ಮೂರನೇ ತಿಂಗಳಿಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಗೋಡೆಯ ಅಲುಗಾಟ ಬೇರೆ, ಕಟ್ಟೆಯದು ಬೇರೆ. ಅಲ್ಲಿ ಎಳೆದರೆ ಹಿಗ್ಗುವ ಸಿಲಿಕೋನ್ ಬೇಕು. ಗ್ರೌಟಿಗೆ ಹೊಂದುವ ಬಣ್ಣದ ಸಿಲಿಕೋನ್ ಸಿಗುತ್ತದೆ. ಹೊಳಪಿರುವುದರಿಂದ ಸ್ವಲ್ಪ ಗಾಢವಾಗಿ ಕಾಣುತ್ತದೆ, ಹಾಗಾಗಿ ಅದನ್ನೂ ಹಲಗೆಯ ಮೇಲೆ ಒಂದು ಗೆರೆ ಎಳೆದು ನೋಡಿಯೇ ತಂದೆ. ಈಗ ನಂಬಿಕೆ ಅಂದರೆ ಹಲಗೆಯೇ.

ಎಂಟು ತಿಂಗಳಾಯಿತು. ಒಲೆಯ ಹಿಂದೆ ಎಣ್ಣೆ ಸಿಡಿಯುತ್ತದೆ, ಸಂಜೆ ಬಿಸಿ ನೀರಿನ ಬಟ್ಟೆಯಲ್ಲಿ ಒರೆಸುತ್ತೇನೆ, ಹೋಗುತ್ತದೆ. ಹುಳಿ ಇರುವ ಕ್ಲೀನರ್ ಈಗಲೂ ಬಳಸುವುದಿಲ್ಲ. ಸಿಮೆಂಟ್ ಗ್ರೌಟನ್ನು ಆಮ್ಲ ತಿನ್ನುತ್ತದೆ ಅಂತ ಕಲಿತದ್ದು, ಎಪಾಕ್ಸಿಗೆ ಬಂದ ಮೇಲೂ ಅಭ್ಯಾಸ ಉಳಿದಿದೆ. ಒಂದೇ ಒಂದು ಅಸಮಾಧಾನ. ದೀಪದ ಬೆಳಕು ಓರೆಯಾಗಿ ಬಿದ್ದಾಗ ಎಪಾಕ್ಸಿಯ ಮಂದ ಹೊಳಪು ಪ್ಲಾಸ್ಟಿಕ್ಕಿನ ನೆನಪು ತರುತ್ತದೆ. ಸಿಮೆಂಟ್ ಗೆರೆಯ ಮಣ್ಣಿನಂಥ ಮೆದು ನೋಟ ಇದಕ್ಕಿಲ್ಲ. ಒಲೆಯಿಂದ ದೂರದ ಗೋಡೆಯಾಗಿದ್ದರೆ ಸಿಮೆಂಟನ್ನೇ ಹಾಕಿ ಸೀಲರ್ ಬಳಿಯುತ್ತಿದ್ದೆ. ಆ ಸೀಲರನ್ನು ಆಗಾಗ ಮತ್ತೆ ಬಳಿಯಬೇಕು, ನೆನಪಿರಲಿ.

ಸಿಮೆಂಟ್ ತಿಳಿ ಬೂದಿಗೆ ಐದಕ್ಕೆ ಎರಡೂವರೆ ಕೊಡುತ್ತೇನೆ, ಕಳೆದ ಎರಡೂವರೆಯಲ್ಲಿ ಒಂದು ಅಂಕ ನಮ್ಮ ಸ್ಪಂಜಿನದು. ಎಪಾಕ್ಸಿ ಕಂದು ಬೂದಿಗೆ ನಾಲ್ಕೂವರೆ. ಶೇಡ್ ಕಾರ್ಡಿಗೆ ಸೊನ್ನೆ. ಹಲಗೆಯನ್ನು ಮೇಸ್ತ್ರಿ ಕೇಳಿ ತೆಗೆದುಕೊಂಡು ಹೋದರು, ಬೇರೆಯವರಿಗೆ ತೋರಿಸುವುದಕ್ಕೆ. ಪ್ಯಾಕಿನ ಬ್ಯಾಚ್ ನಂಬರ್ ಕತ್ತರಿಸಿ ಸಿಂಕಿನ ಕೆಳಗಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಬ್ಯಾಚ್ ಬದಲಾದರೆ ಬಣ್ಣವೂ ಒಂದು ಕೂದಲೆಳೆ ಬದಲಾಗಬಹುದು, ದಾರದ ಲಾಟ್ ಹಾಗೆಯೇ.

ಚಕ್ಕೆ ಎದ್ದ ಆ ಎರಡು ಟೈಲ್ಸಿಗೆ ಮೇಸ್ತ್ರಿ ಅದೇ ಎಪಾಕ್ಸಿ ಸವರಿದರು. ಒಂದು ಕಿಟಕಿಯ ಕೆಳಗಿದೆ, ಗೊತ್ತಾಗುವುದಿಲ್ಲ. ಇನ್ನೊಂದು ಒಲೆಯ ಬಲಕ್ಕೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ. ಅದರ ಮುಂದೆ ಸೌಟುಗಳ ಸ್ಟ್ಯಾಂಡ್ ನೇತುಹಾಕಿದ್ದೇನೆ. ಒರೆಸುವಾಗ ಮಾತ್ರ ಸರಿಸುತ್ತೇನೆ.